ಉಳವಿಯ ದಾರಿಯಿಂದ ಗಣಕಯಂತ್ರದವರೆಗೆ



12ನೆಯ ಶತಮಾನದ ಕಲ್ಯಾಣಕ್ರಾಂತಿಯ ತರುವಾಯ ಚೆನ್ನಬಸವಣ್ಣನವರು ಶರಣಗಣದೊಡನೆ ವಚನದ ಕಟ್ಟುಗಳನ್ನು ಕಾಪಾಡುತ್ತ ನಮ್ಮ ಜೋಯಿಡಾ ಸೀಮೆಯ ಉಳವಿಗೆ ಬಂದರೆಂಬುದು ಪರಂಪರೆಯ ನಂಬುಗೆ. ಶತಮಾನಗಳ ನಂತರ, ಮಠಮನೆಗಳಲ್ಲಿ ಉಳಿದಿದ್ದ ತಾಡವೋಲೆಗಳನ್ನು ಅರಸಿ ಅಲೆದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು.

ಓಲೆಯಿಂದ ಅಚ್ಚಿಗೆ ಬಂದ ಈ ನಿಧಿ 2010ರ ದಶಕದಲ್ಲಿ ‘ವಚನ ಸಂಚಯ’ದ ಮೂಲಕ ಅಂತರಜಾಲಕ್ಕೆ ಬಂದಿತು. ಓ.ಎಲ್. ನಾಗಭೂಷಣಸ್ವಾಮಿಯವರಂಥ ವಿದ್ವಾಂಸರೂ ಕನ್ನಡದ ತಂತ್ರಜ್ಞರೂ ಕೂಡಿ 20,000ಕ್ಕೂ ಮಿಕ್ಕ ವಚನಗಳನ್ನು ಯೂನಿಕೋಡ್‌ನಲ್ಲಿ ಅಣಿಗೊಳಿಸಿದರು. ‘ಕಾಯಕ’ವೆಂಬ ಪದ ಯಾವ ಯಾವ ಶರಣರಲ್ಲಿದೆಯೆಂಬುದನ್ನು ಇಂದು ಮನೆಯಲ್ಲಿಯೇ ಕುಳಿತು ಕಾಣಬಹುದು.

ಇದರಿಂದ ನಮಗೊಂದು ಹೊಣೆಯೂ ಒದಗಿದೆ. ಬಸವಣ್ಣನವರ ಅಂಕಿತ ಹೊತ್ತ ಯಾರದೋ ಸಾಲುಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಹಂಚುವ ಮುನ್ನ ಹುಡುಕಿ ನೋಡೋಣ. ಸಿಗದಿದ್ದರೆ ಒಡನೆಯೇ ಸುಳ್ಳೆನ್ನಲಾಗದು: ಅಕ್ಷರಕ್ಕೆ ಅಕ್ಷರ ಹೋಲಿಸುವ ಹುಡುಕಾಟಕ್ಕೆ ‘ಅಲ್ಲದೆ’ ಎಂದು ಕೊಟ್ಟರೆ, ಸಂಧಿಯಾಗಿರುವ ‘ಲಿಂಗವಲ್ಲದೆ’ ದೊರೆಯದು, ಪಾಠಾಂತರಗಳೂ ಉಂಟು. ಆಗ ಮುದ್ರಿತ ಸಂಪುಟವನ್ನು ತೆರೆಯಬೇಕು, ಬಲ್ಲವರನ್ನು ಕೇಳಬೇಕು.

ಇನ್ನು ಓಲೆಗೂ ಅಚ್ಚಿಗೂ ಬಾರದ ಚರಿತ್ರೆಯೊಂದು ನಮ್ಮ ಹಿರಿಯರ ನಾಲಗೆಯ ಮೇಲಿದೆ. ಹಳಿಯಾಳ, ದಾಂಡೇಲಿಯ ಹಾದಿಯಲ್ಲಿ ಚಕ್ಕಡಿ ಹೂಡಿ ಉಳವಿ ಜಾತ್ರೆಗೆ ಹೋದವರ ನೆನಪು, ಅಕ್ಕನಾಗಮ್ಮನ ಗವಿಯ ಕುರಿತ ಹೇಳಿಕೆ, ಹಾದಿಯ ಹಾಡು ಇವೆಲ್ಲ ಅವರೊಡನೆಯೇ ಅಳಿಯಬಾರದು. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿಯೇ ಧ್ವನಿಮುದ್ರಿಸಿ, ಹೇಳಿದವರ ಹೆಸರು, ಊರು, ದಿನಾಂಕಗಳನ್ನು ಜೊತೆಗಿರಿಸಿ, ಎರಡು ಕಡೆ ಪ್ರತಿಯಿಡೋಣ. ಅಂದು ಶರಣರು ಕಟ್ಟುಗಳನ್ನು ಹೊತ್ತು ನಡೆದರು. ನಮ್ಮ ಪಾಲಿಗೆ ಬಂದಿರುವ ಹೊರೆ ಇಷ್ಟೇ.