ಸ್ಮಾರ್ಟ್‌ಫೋನ್‌ನಲ್ಲಿ ವೈ-ಫೈ ಹಾಗೂ ಮೊಬೈಲ್ ಡೇಟಾ ನಿರ್ವಹಣೆ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಸೇವಾಸಿಂಧು, ನಾಡಕಚೇರಿ ಮುಂತಾದ ಜಾಲತಾಣಗಳ ಮೂಲಕ ನಾಗರಿಕರು ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಸ್ಮಾರ್ಟ್‌ಫೋನ್‌ನಿಂದಲೇ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯು ಅರ್ಧದಲ್ಲಿ ನಿಂತುಹೋದಾಗ ದೋಷವು ಯಾವಾಗಲೂ ಜಾಲತಾಣದ್ದೇ ಆಗಿರುವುದಿಲ್ಲ. ಅರ್ಜಿದಾರರ ಫೋನಿನ ಸೆಟ್ಟಿಂಗ್ಸ್ ಸಹ ಕಾರಣವಾಗಿರಬಹುದು. ವಿದ್ಯಾರ್ಥಿವೇತನ ಅಥವಾ ಪ್ರವೇಶಾತಿಯ ಕೊನೆಯ ದಿನದಂದು ಇದರಿಂದ ಉಂಟಾಗುವ ನಷ್ಟ ಸಣ್ಣದಲ್ಲ.

ಒಟಿಪಿ ಬಾರದಿರುವುದು

ಆಧಾರ್ ಆಧಾರಿತ ಒಟಿಪಿಯು ಎಸ್‌ಎಂಎಸ್ ರೂಪದಲ್ಲಿ ಬರುತ್ತದೆ. ಇದಕ್ಕೆ ಅಂತರ್ಜಾಲ ಸಂಪರ್ಕ ಬೇಕಿಲ್ಲ, ಮೊಬೈಲ್ ಸಿಗ್ನಲ್ ಬೇಕು. ವೈ-ಫೈ ಚೆನ್ನಾಗಿದ್ದು ಸಿಗ್ನಲ್ ಇಲ್ಲದ ಸ್ಥಳದಲ್ಲಿ ಅರ್ಜಿ ನಮೂನೆಯು ತೆರೆದುಕೊಂಡರೂ ಒಟಿಪಿ ಸಾಮಾನ್ಯವಾಗಿ ಬರುವುದಿಲ್ಲ. ಏರೋಪ್ಲೇನ್ ಮೋಡ್ ಇರಿಸಿ ವೈ-ಫೈ ಮಾತ್ರ ಬಳಸುವವರಿಗೂ ಇದೇ ತೊಂದರೆಯಾಗುತ್ತದೆ. ಎರಡು ಸಿಮ್ ಇರುವ ಫೋನಿನಲ್ಲಿ ಡೇಟಾವನ್ನು ಯಾವ ಸಿಮ್‌ನಿಂದ ಪಡೆದರೂ ಅಡ್ಡಿಯಿಲ್ಲ. ಆದರೆ ಆಧಾರ್‌ಗೆ ಜೋಡಣೆಯಾದ ಸಂಖ್ಯೆಯ ಸಿಮ್ ಚಾಲನೆಯಲ್ಲಿರತಕ್ಕದ್ದು. ಒಟಿಪಿ ತಡವಾದಲ್ಲಿ ಪದೇ ಪದೇ ಕೋರುವುದು ಸರಿಯಲ್ಲ. ಹೊಸದನ್ನು ಕೋರಿದ ನಂತರ ಹಳೆಯದು ಸಾಮಾನ್ಯವಾಗಿ ಅಮಾನ್ಯವಾಗುವುದರಿಂದ, ತಡವಾಗಿ ಬಂದ ಮೊದಲ ಸಂಖ್ಯೆಯನ್ನು ನಮೂದಿಸಿ ಗೊಂದಲಕ್ಕೀಡಾಗುವವರೇ ಹೆಚ್ಚು.

ಅರ್ಜಿ ಹಾಗೂ ಶುಲ್ಕ ಪಾವತಿ

ವೈ-ಫೈ ದುರ್ಬಲವಾದಾಗ ಅನೇಕ ಫೋನುಗಳು ತಾವಾಗಿಯೇ ಮೊಬೈಲ್ ಡೇಟಾಗೆ ಬದಲಾಗುತ್ತವೆ. ಇತರ ಸಮಯದಲ್ಲಿ ಇದು ಅನುಕೂಲವೇ. ಆದರೆ ದಾಖಲೆಯನ್ನು ಅಪ್‌ಲೋಡ್ ಮಾಡುವಾಗ ಅಥವಾ ಶುಲ್ಕ ಪಾವತಿಸುವಾಗ ಹೀಗಾದಲ್ಲಿ ಫೋನಿನ ಐಪಿ ವಿಳಾಸವೂ ಬದಲಾಗುತ್ತದೆ. ಆಗ ಅಪ್‌ಲೋಡ್ ಅರ್ಧಕ್ಕೆ ನಿಲ್ಲಬಹುದು, ಅಥವಾ ಜಾಲತಾಣವು ಮತ್ತೆ ಲಾಗಿನ್ ಆಗುವಂತೆ ಕೇಳಬಹುದು. ಆದುದರಿಂದ ಪಾವತಿ ಮುಗಿಯುವವರೆಗೆ ಎರಡರಲ್ಲಿ ಒಂದನ್ನು ಮಾತ್ರ ಚಾಲನೆಯಲ್ಲಿಡುವುದು ಉತ್ತಮ. ಹಣ ಕಡಿತವಾಗಿ ಸ್ವೀಕೃತಿ ಸಂಖ್ಯೆ ದೊರೆಯದಿದ್ದಲ್ಲಿ ಕೂಡಲೇ ಎರಡನೇ ಬಾರಿ ಪಾವತಿಸದೆ, ಮೊದಲು ಅರ್ಜಿಯ ಸ್ಥಿತಿಯನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಪರಿಶೀಲಿಸತಕ್ಕದ್ದು.

ಮನೆಯ ರೂಟರ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಹೆಸರುಗಳು ಕಂಡುಬಂದರೆ, ಗೋಡೆಗಳಾಚೆಯ ಕೋಣೆಯಲ್ಲಿ ಕುಳಿತವರು 2.4 ಅನ್ನು ಆರಿಸಿಕೊಳ್ಳಬಹುದು. ಅದರ ವೇಗ ಕಡಿಮೆಯಾದರೂ ಹೆಚ್ಚು ದೂರ ತಲುಪುತ್ತದೆ.

ಡೇಟಾ ಮಿತಿ ಮತ್ತು ರೋಮಿಂಗ್

ದಿನದ ಡೇಟಾ ಮಿತಿ ಮುಗಿದ ನಂತರ ಅನೇಕ ಯೋಜನೆಗಳಲ್ಲಿ ಸಂಪರ್ಕ ಕಡಿತವಾಗುವುದಿಲ್ಲ, ವೇಗ ಮಾತ್ರ ತೀರಾ ಕುಸಿಯುತ್ತದೆ. ಪುಟ ತೆರೆಯುತ್ತದೆ, ದಾಖಲೆ ಮಾತ್ರ ಹೋಗುವುದಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ 2016ರ ಏಳನೇ ಆವೃತ್ತಿಯಿಂದ ಡೇಟಾ ಸೇವರ್ ಸೌಲಭ್ಯವಿದ್ದು, ಐಫೋನ್‌ಗಳಲ್ಲಿ 2019ರಿಂದ ಲೋ ಡೇಟಾ ಮೋಡ್ ಇದೆ. ಇವು ಹಿನ್ನೆಲೆಯಲ್ಲಿ ನಡೆಯುವ ಡೇಟಾ ಬಳಕೆಯನ್ನು ತಗ್ಗಿಸುತ್ತವೆ. ಆ್ಯಪ್‌ಗಳ ಅಪ್‌ಡೇಟ್ ಹಾಗೂ ಛಾಯಾಚಿತ್ರಗಳ ಬ್ಯಾಕಪ್ ಅನ್ನು ವೈ-ಫೈಗೆ ಸೀಮಿತಗೊಳಿಸಿದರೂ ಸಾಕಷ್ಟು ಉಳಿತಾಯವಾಗುತ್ತದೆ.

ಬೆಳಗಾವಿ, ಬೀದರ್ ಮುಂತಾದ ಗಡಿ ಜಿಲ್ಲೆಗಳಲ್ಲಿ ಫೋನು ಕೆಲವೊಮ್ಮೆ ನೆರೆರಾಜ್ಯದ ಟವರ್‌ಗೆ ಜೋಡಣೆಗೊಳ್ಳುತ್ತದೆ. ಡೇಟಾ ರೋಮಿಂಗ್ ಆಫ್ ಆಗಿದ್ದಲ್ಲಿ, ಸಿಗ್ನಲ್ ಪೂರ್ಣವಾಗಿ ಕಂಡರೂ ಅಂತರ್ಜಾಲ ದೊರೆಯದಿರಬಹುದು. ಅದನ್ನು ಆನ್ ಮಾಡಿ ನೋಡುವುದು. ವಿದೇಶದಲ್ಲಿರುವವರು ಇದಕ್ಕೆ ವಿರುದ್ಧವಾಗಿ ಡೇಟಾ ರೋಮಿಂಗ್ ಆಫ್ ಇಡುವುದು ಕ್ಷೇಮ, ಏಕೆಂದರೆ ಅಲ್ಲಿನ ದರ ದುಬಾರಿ. ಭಾರತದ ಸಂಖ್ಯೆಗೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಪಡೆದಿದ್ದಲ್ಲಿ, ಡೇಟಾ ಆಫ್ ಇದ್ದರೂ ಒಟಿಪಿಯ ಎಸ್‌ಎಂಎಸ್ ಬರುತ್ತದೆ.

ಸಾರ್ವಜನಿಕ ವೈ-ಫೈ

ಬಸ್ ನಿಲ್ದಾಣ, ರೈಲು ನಿಲ್ದಾಣ, ಹೋಟೆಲ್‌ಗಳ ವೈ-ಫೈ ಮೂಲಕ ಅರ್ಜಿಯ ಸ್ಥಿತಿ ನೋಡಿಕೊಳ್ಳಬಹುದಾದರೂ ಆಧಾರ್ ಸಂಖ್ಯೆ ನೀಡುವುದು, ಹಣ ಪಾವತಿಸುವುದು ಸೂಕ್ತವಲ್ಲ. ಪರಿಚಿತ ಹೆಸರಿನಲ್ಲೇ ವಂಚಕರು ನಕಲಿ ವೈ-ಫೈ ನಿರ್ಮಿಸುವುದು ಕಷ್ಟದ ಕೆಲಸವೇನಲ್ಲ. ತೆರೆದ ವೈ-ಫೈಗಳಿಗೆ ತಾನಾಗಿ ಜೋಡಣೆಯಾಗುವ ಆಯ್ಕೆಯನ್ನು ಆಫ್ ಮಾಡಿ, ಬಳಕೆಯ ನಂತರ ಅಂತಹ ವೈ-ಫೈ ಹೆಸರನ್ನು ಫೋನಿನಿಂದ ತೆಗೆದುಹಾಕತಕ್ಕದ್ದು. ಹಣಕಾಸು ವಂಚನೆಗೊಳಗಾದವರು ವಿಳಂಬವಿಲ್ಲದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದಾಗಿದೆ.