ಉಲ್ಟಾ ಚೂಡಿ

ಕಳೆದ ಆಷಾಢದಲ್ಲಿ ಊರಿಗೆ ಹೋದಾಗ ನಾನೊಂದು ಘನಂದಾರಿ ಕೆಲಸ ಮಾಡಿದೆ. ನಮ್ಮನೆ ಹಳೇ ಜೀಪಿನ ಎಡಗಡೆ ಹಿಂದಿನ ಚಕ್ರದ ಎರಡು ಸ್ಟಡ್ಡು ಮುರಿದು ಹಾಕಿದೆ. ಅದೂ ಬರೀ ಅರ್ಧ ಗಂಟೆಯಲ್ಲಿ!

ಆಗಿದ್ದಿಷ್ಟು. ಅಡಿಕೆಗೆ ಮೈಲುತುತ್ತ ಹೊಡೆಯುವ ಕಾಲ. ಮಳೆ ಒಂದು ದಿನ ಹೊಳವಾಗಿತ್ತು. ಅಪ್ಪ ಘಾಟಿ ಕೆಳಗಿಂದ ಆಳುಗಳನ್ನು ಕರೆತರಲು ಹೊರಟರೆ ಜೀಪಿನ ಟೈರು ನೆಲಕ್ಕೆ ಅಂಟಿ ಕೂತಿತ್ತು. ಅಜ್ಜನ ಕಾಲದ ವಿಲ್ಲಿಸ್ ಮಾದರಿಯ ಜೀಪು ಅದು. "ಗ್ಯಾರೇಜಿನವನಿಗೆ ಫೋನ್ ಮಾಡ್ತೀನಿ, ನೀ ಸುಮ್ನಿರು" ಅಂದರು ಅಪ್ಪ. ಇಂಜಿನಿಯರಿಂಗ್ ಓದಿದ ಮಗ ಸುಮ್ಮನಿರುವುದುಂಟೇ?

ಸ್ಪ್ಯಾನರ್ ಹಾಕಿ ಅಪ್ರದಕ್ಷಿಣೆಯಾಗಿ ತಿರುಗಿಸಿದೆ. ಜಪ್ಪಯ್ಯ ಅನ್ನಲಿಲ್ಲ. ತುಕ್ಕು ಹಿಡಿದಿದೆ ಅಂದುಕೊಂಡು ಹಳೇ ಪಂಪ್‌ಸೆಟ್ಟಿನ ಪೈಪು ತಂದು ಹಿಡಿಕೆಗೆ ಸಿಗಿಸಿ, ಅದರ ಮೇಲೆ ಹತ್ತಿ ನಿಂತೆ. 'ಕಡಕ್' ಅಂತು. ಬಿಟ್ಟಿತು ಅಂತ ಖುಷಿಯಾದರೆ ನಟ್ಟಿನ ಜೊತೆ ಅರ್ಧ ಸ್ಟಡ್ಡೂ ಕೈಗೆ ಬಂತು. ಅಪ್ಪನಿಗೆ ಹೇಳಲಿಲ್ಲ. ಎರಡನೆಯದಕ್ಕೆ ಕೈ ಹಾಕಿದೆ. ಅದೂ ಹೋಯಿತು.

ಕೊನೆಗೆ ಗ್ಯಾರೇಜಿನವ ಬಂದ. ಮುರಿದ ತುಂಡನ್ನು ಲುಂಗಿಗೆ ಒರೆಸಿ ತೋರಿಸಿದ. ತುದಿಯಲ್ಲಿ 'ಎಲ್' ಅಂತ ಇಂಗ್ಲಿಷ್ ಅಕ್ಷರದ ಅಚ್ಚು! "ಈ ಕಡೆದು ಉಲ್ಟಾ ಚೂಡಿ ಮಾರಾಯ್ರೇ. ನೀವು ಬಿಚ್ಚಿದ್ದಲ್ಲ, ಬಿಗಿ ಮಾಡಿದ್ದು" ಅಂದ.

ಅಪ್ಪ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು. ಅಂದು ರಾತ್ರಿಯಿಂದ ಈ ಉಲ್ಟಾ ಚೂಡಿಯ ಜನ್ಮ ಜಾಲಾಡಲು ಕೂತೆ. ಸಿಕ್ಕಿದ ಕಥೆ ನಾನಂದುಕೊಂಡಿದ್ದಕ್ಕಿಂತ ದೊಡ್ಡದಿತ್ತು.

ಮೊದಲ ಕಾರುಗಳ ಕಾಲದಲ್ಲಿ ರಸ್ತೆ ಬದಿಯಲ್ಲಿ ಚಕ್ರ ಬಿಚ್ಚುವ ಪದ್ಧತಿಯೇ ಇರಲಿಲ್ಲ. ಪಂಕ್ಚರ್ ಆದರೆ ಅಲ್ಲೇ ಕೂತು ಟೈರು ಕಿತ್ತು ಪ್ಯಾಚು ಹಾಕಬೇಕಿತ್ತು. 1904ರಲ್ಲಿ ವೇಲ್ಸ್‌ನ ಲನೆಲಿ ಎಂಬ ಊರಿನ ಡೇವಿಸ್ ಸಹೋದರರು ಗಾಳಿ ತುಂಬಿದ ಟೈರಿರುವ ಬರೀ ರಿಮ್ಮೊಂದನ್ನು ಮಾಡಿದರು. ಪಂಕ್ಚರಾದ ಚಕ್ರದ ಪಕ್ಕಕ್ಕೇ ಅದನ್ನು ಕ್ಲಾಂಪಿನಿಂದ ಬಿಗಿದು ಮುಂದೆ ಹೋಗಬಹುದಿತ್ತು. ಅವರ ಅಂಗಡಿ ಇದ್ದಿದ್ದು ಸ್ಟೆಪ್ನಿ ಸ್ಟ್ರೀಟ್‌ನಲ್ಲಿ. ನಾವು ಇವತ್ತಿಗೂ 'ಸ್ಟೆಪ್ನಿ' ಅನ್ನುತ್ತೇವಲ್ಲ, ಅದು ಆ ಬೀದಿಯ ಹೆಸರು! ಆಮೇಲೆ ಇಡೀ ಚಕ್ರವನ್ನೇ ಕಳಚುವ ಏರ್ಪಾಡು ಬಂತು. ಜೊತೆಗೆ ಹೊಸ ತಲೆನೋವೂ ಬಂತು. ಯಾರು ಬೇಕಾದರೂ ಬಿಚ್ಚಲು ಬರಬೇಕು, ಆದರೆ ಓಡುವಾಗ ತಾನಾಗೇ ಬಿಚ್ಚಿಕೊಳ್ಳಬಾರದು.

ಉಲ್ಟಾ ಚೂಡಿ ಹುಟ್ಟಿದ್ದು ಈ ತಲೆನೋವಿಗೆ ಮದ್ದಾಗಿ. ಗಾಡಿಯ ಎಡಗಡೆ ನಿಂತು ನೋಡಿ. ಗಾಡಿ ಮುಂದಕ್ಕೆ ಹೋಗುವಾಗ ಎಡ ಚಕ್ರ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಸ್ಟಡ್ಡಿಗೂ ರಿಮ್ಮಿನ ತೂತಿಗೂ ನಡುವೆ ಚೂರು ಸಂದು ಇರುತ್ತದೆ. ನಟ್ಟು ಸಡಿಲವಾಗಿದ್ದರೆ, ಚಕ್ರ ಉರುಳಿದಂತೆಲ್ಲ ಭಾರ ಸುತ್ತ ಸುತ್ತ ಬಂದು ರಿಮ್ಮು ತೆವಳುತ್ತದೆ, ನಟ್ಟನ್ನೂ ತನ್ನ ಜೊತೆ ಎಳೆಯುತ್ತದೆ. ಎಡಗಡೆ ಮಾಮೂಲಿ ಚೂಡಿಯಿದ್ದರೆ ಈ ಎಳೆತ ಬಿಚ್ಚುವ ಕಡೆಗೆ. ಉಲ್ಟಾ ಇದ್ದರೆ ಬಿಗಿಯುವ ಕಡೆಗೆ. ಸೈಕಲ್ಲಿನ ಎಡ ಪೆಡಲ್ಲಿಗೂ ಉಲ್ಟಾ ಚೂಡಿ ಇರುವುದು ಇಂಥದೇ ತೆವಳಾಟದ ಕಾರಣಕ್ಕೆ.

ಅಮೆರಿಕದ ಸೈನ್ಯಕ್ಕೆ ಜೀಪಿನ ಮೊದಲ ಮಾದರಿ ಮಾಡಿಕೊಟ್ಟಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ, 1940ರ ಸೆಪ್ಟೆಂಬರಿನಲ್ಲಿ. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಅವುಗಳ ಎಡ ಚಕ್ರಗಳಿಗೆ ಉಲ್ಟಾ ಚೂಡಿ. 1947ರಲ್ಲಿ ಮಹೀಂದ್ರಾದವರು ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಇಲ್ಲಿ ಜೋಡಿಸತೊಡಗಿದರು. ಮಲೆನಾಡಿನ ಕಚ್ಚಾ ರಸ್ತೆಗೆ ಜೀಪು ಬಂದಿದ್ದು ಹಾಗೆ. ಅದರ ಜೊತೆ ಅಮೆರಿಕದ ಯಾರೋ ಇಂಜಿನಿಯರನ ನಿರ್ಧಾರವೂ ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಿಗೆ ಬಂದು ಕೂತಿತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೆ ಅದು ಯಾಕೆ ಹೋಯಿತು? 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಇಂಜಿನಿಯರ್ ಬೋಲ್ಟುಗಳು ತಾವಾಗೇ ಸಡಿಲವಾಗುವುದು ಹೇಗೆ ಎಂಬುದರ ಮೇಲೆ ಒಂದು ಪ್ರಬಂಧ ಪ್ರಕಟಿಸಿದ. ಬಿಗಿದ ಎರಡು ಭಾಗಗಳು ಅಡ್ಡಡ್ಡ ಜಾರತೊಡಗಿದಾಗ ನಟ್ಟು ಬಿಚ್ಚಿಕೊಳ್ಳುತ್ತದೆ ಎಂದು ಯಂತ್ರ ಕಟ್ಟಿ ತೋರಿಸಿದ. ಅಂದರೆ ಜಾರದಷ್ಟು ಬಿಗಿ ಇದ್ದರೆ ಚೂಡಿ ಎಡವೋ ಬಲವೋ ಮುಖ್ಯವಲ್ಲ. ನಟ್ಟಿನ ಮೂತಿ ಕೋನ್ ಆಕಾರದಲ್ಲಿರುವುದೂ ರಿಮ್ಮನ್ನು ನಡುವಿಗೆ ತಂದು ಕಚ್ಚಿ ಹಿಡಿಯಲಿಕ್ಕೆ. ಹಾಗಾಗಿ ಕಾರುಗಳಲ್ಲಿ ಉಲ್ಟಾ ಚೂಡಿ ಮಾಯವಾಯಿತು. ಕ್ರೈಸ್ಲರಿನ ಡಾಜ್, ಪ್ಲಿಮತ್‌ಗಳಲ್ಲಿ ಮಾತ್ರ 1970ರ ಆಸುಪಾಸಿನವರೆಗೂ ಉಳಿದಿತ್ತು. ಅಲ್ಲೂ ನನ್ನಂಥ ಬುದ್ಧಿವಂತರು ಅದೆಷ್ಟು ಸ್ಟಡ್ಡು ಮುರಿದಿದ್ದಾರೋ!

ಇನ್ನೊಂದು ವಿಷಯ. ಉಳಿದ ಮೂರು ನಟ್ಟುಗಳಲ್ಲಿ ಒಂದರ ಮೂಲೆಗಳು ಮೊದಲೇ ಸವೆದು ಗುಂಡಗಾಗಿದ್ದವು. ಯಾಕೆಂದು ಟೂಲ್ ಬಾಕ್ಸ್ ನೋಡಿದಾಗ ತಿಳಿಯಿತು. ಅದರಲ್ಲಿ ಮೂರು ಜಾತಿಯ ಸ್ಪ್ಯಾನರ್ ಇದ್ದವು. ಹಿಂದೆ ಪ್ರತಿ ನಟ್ಟೂ ತನ್ನದೇ ಬೋಲ್ಟಿಗೆ ಮಾತ್ರ ಹೊಂದುತ್ತಿತ್ತು. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್ಲೆ ಕರಾರುವಾಕ್ಕಾಗಿ ಚೂಡಿ ಕೊರೆಯುವ ಲೇತ್ ಕಟ್ಟಿದ. ಅವನ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಚೂಡಿಯನ್ನು ಇಡೀ ಬ್ರಿಟನ್ನಿಗೆ ಸೂಚಿಸಿದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯೇ ಸಲೀಸು ಅಂದ. ಇದರ ಫಲ ಎರಡನೇ ಮಹಾಯುದ್ಧದಲ್ಲಿ ಕಾಣಿಸಿತು. ಒಂದೇ ಪಕ್ಷದಲ್ಲಿದ್ದರೂ ಒಬ್ಬರ ಬೋಲ್ಟು ಇನ್ನೊಬ್ಬರಿಗೆ ಹೊಂದಲಿಲ್ಲ. ಕೊನೆಗೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು ಒಂದೇ ಚೂಡಿಗೆ ಒಪ್ಪಿದವು. ನಾವು 1956ರ ಕಾನೂನಿನಿಂದ ಮೆಟ್ರಿಕ್ ಕಡೆ ಹೊರಳಿದೆವು. ವಿಟ್ವರ್ತ್ ಸ್ಪ್ಯಾನರಿನ ಮೇಲಿನ ಅಳತೆ ಬೋಲ್ಟಿನ ದಪ್ಪದ್ದು, ಅಮೆರಿಕದ್ದರಲ್ಲಿ ನಟ್ಟಿನ ಅಗಲದ್ದು. ಎರಡರ ಮೇಲೂ 'ಅರ್ಧ ಇಂಚು' ಅಂತಿದ್ದರೂ ಬಾಯಿ ಬೇರೆ ಬೇರೆ! ಅಂದಾಜಿಗೆ ಸಿಕ್ಕಿದ್ದು ಹಾಕಿ ತಿರುಗಿಸಿದರೆ ನಟ್ಟಿನ ಮೂಲೆ ಹೋಗದೇ ಇನ್ನೇನಾಗುತ್ತೆ? ಮಷೀನ್ ಡ್ರಾಯಿಂಗಿನಲ್ಲಿ ವಿಟ್ವರ್ತ್ ಚೂಡಿಯ ಚಿತ್ರ ಬರೆದು ಮಾರ್ಕ್ಸ್ ತಗೊಂಡವನು ನಾನು. ಅದು ಇಲ್ಲಿ ಸಿಗುತ್ತೆ ಅಂದುಕೊಂಡಿರಲಿಲ್ಲ.

ಗ್ಯಾರೇಜಿನವ ಉಳಿದ ಮೂರನ್ನು ಹೇಗೆ ಬಿಚ್ಚಿದ ಗೊತ್ತಾ? ತಂತಿ ಬ್ರಷ್ಷಿನಿಂದ ಚೂಡಿ ಉಜ್ಜಿದ. ಸೀಮೆಎಣ್ಣೆಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಬಿಟ್ಟು ಒಂದು ಗಂಟೆ ಕಾಫಿ, ಕವಳ ಅಂತ ಕಳೆದ. ಆಮೇಲೆ ಮೊದಲು ಬಿಗಿಯುವ ಕಡೆ ಚೂರೇ ಚೂರು, ನಂತರ ಬಿಚ್ಚುವ ಕಡೆ, ಹೀಗೆ ಹಿಂದೆ ಮುಂದೆ ಆಡಿಸಿದ. ಕಬ್ಬಿಣ ತುಕ್ಕಾದಾಗ ಜಾಸ್ತಿ ಜಾಗ ಬೇಡುತ್ತದೆ, ಅದಕ್ಕೇ ಚೂಡಿ ಕಚ್ಚಿಕೊಳ್ಳುವುದು. ಆಡಿಸಿದರೆ ಆ ತುಕ್ಕು ಪುಡಿಯಾಗುತ್ತದೆ. ಗುಂಡಗಾದ ನಟ್ಟಿನ ಮೇಲೆ ಒಂದು ಸೈಜು ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ ತಿರುಗಿಸಿದ. ಜಾಕ್ ಏರಿಸಿದ್ದು ಕೊನೆಗೆ. ಚಕ್ರ ನೆಲದ ಮೇಲಿದ್ದರೆ ತಾನೇ ಅದು ತಿರುಗದೆ ನಿಲ್ಲುವುದು.

ನಾನು ಲೆಕ್ಕ ಹಾಕಿದೆ. ಈ ಅರ್ಧ ಇಂಚಿನ ಸ್ಟಡ್ಡಿಗೆ ಸಾಕಾಗುವ ಬಿಗಿ ಸುಮಾರು 100 ನ್ಯೂಟನ್ ಮೀಟರ್. 75 ಕೆ.ಜಿ. ಆಸಾಮಿ ಒಂದು ಮೀಟರ್ ಪೈಪಿನ ತುದಿಯಲ್ಲಿ ನಿಂತರೆ 700ಕ್ಕೂ ಮೇಲೆ. ಮುರಿಯದೆ ಇನ್ನೇನು?

ನಿಜ ಹೇಳಬೇಕೆಂದರೆ, ಎರಡನೆಯದು ಮುರಿದಾಗ "ಮೂರು ನಟ್ಟು ಸಾಕು, ಸಂಜೆ ನೋಡಿದರಾಯ್ತು" ಅನ್ನುವ ಯೋಚನೆ ನನ್ನ ತಲೆಯಲ್ಲಿ ಬಂದಿತ್ತು. ಗ್ಯಾರೇಜಿನವ ಉಳಿದ ಮೂರನ್ನೂ ಬದಲಾಯಿಸಲೇಬೇಕು ಅಂದ. ಅವುಗಳನ್ನೂ ನಾನು ಎಳೆದಾಡಿದ್ದೆನಲ್ಲ, ಒಳಗೇ ಸೋತಿರುತ್ತವೆ ಅಂತ. ಆ ಜೀಪಿನ ಹಿಂದೆ ಆರು ಜನ ಕೂತು ಘಾಟಿ ಹತ್ತುತ್ತಾರೆ.

ಅಜ್ಜನ ಕಾಲದ ಡ್ರೈವರಿಗೆ ಇದೆಲ್ಲ ಗೊತ್ತಿತ್ತು. ಅವರು ತೀರಿಕೊಂಡು ಎರಡು ವರ್ಷವಾಯಿತು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಫೀಸಿನಲ್ಲಿ ಹಳೇ ಕೋಡಿನ ವಿಚಿತ್ರ ಸಾಲೊಂದನ್ನು ಕಂಡು, ಬರೆದವನಿಗೆ ಬೈದು ಅಳಿಸಿ, ಮಾರನೇ ದಿನ ಪ್ರೊಡಕ್ಷನ್ ಮಲಗಿದಾಗ ವಾಪಸ್ ಹಾಕಿದ್ದು ಎಷ್ಟು ಸಲವೋ. ಬೈಯುವ ಮೊದಲು ಯಾಕಿದೆ ಅಂತ ಕೇಳುವ ಅಭ್ಯಾಸ ನನಗಿನ್ನೂ ಬಂದಿಲ್ಲ.

ಐದನ್ನೂ ಸೀದಾ ಚೂಡಿಗೆ ಬದಲಿಸಬಹುದು, ಬೆರೆಸಬಾರದು ಅಷ್ಟೇ ಅಂದ ಗ್ಯಾರೇಜಿನವ. ಅಪ್ಪ "ಇದ್ದ ಹಾಗೇ ಇರಲಿ" ಅಂದರು. ಪೇಟೆಯ ಹಳೇ ಅಂಗಡಿಯೊಂದರಲ್ಲಿ ಉಲ್ಟಾ ಸ್ಟಡ್ಡು ಸಿಕ್ಕಿದವು. ವಾಪಸ್ ಬೆಂಗಳೂರಿಗೆ ಹೊರಡುವ ಮುಂಚೆ ಬಿಳಿ ಪೇಂಟು ತಂದು, ಎಡಗಡೆಯ ಎರಡೂ ರಿಮ್ಮಿನ ಮೇಲೆ ಬಿಚ್ಚುವ ದಿಕ್ಕಿಗೆ ಬಾಣದ ಗುರುತು ಬರೆದು ಬಂದೆ.

ನಿಮ್ಮೂರಲ್ಲೂ ಹಳೇ ಜೀಪಿದ್ದರೆ, ಪೈಪು ಹುಡುಕುವ ಮೊದಲು ಸ್ಟಡ್ಡಿನ ತುದಿ ಒರೆಸಿ ನೋಡಿ. ಅಥವಾ ನಟ್ಟಿನ ಮೂಲೆಗಳಲ್ಲಿ ಸಣ್ಣ ಕಚ್ಚು ಇದೆಯಾ ನೋಡಿ, ಉಲ್ಟಾ ನಟ್ಟಿಗೆ ಅದೂ ಒಂದು ಗುರುತು. ಮನೆಯಲ್ಲಿ ಹಳೇ ಡ್ರೈವರ್ ಯಾರಾದರೂ ಇದ್ದರೆ ಅವರನ್ನೇ ಕೇಳಿ, ಇನ್ನೂ ಒಳ್ಳೆಯದು.