ಸಂಶೋಧನಾ ವೆಚ್ಚ ಮತ್ತು ತಯಾರಿಕಾ ಸಂಸ್ಥೆಗಳ ಲಾಭ

ತಯಾರಿಕಾ ಸಂಸ್ಥೆಯೊಂದು ಸಂಶೋಧನೆ ಹಾಗೂ ಅಭಿವೃದ್ಧಿಗೆ ಹಾಕುವ ಹಣ ಮೊದಲು ಲಾಭವನ್ನು ಇಳಿಸುತ್ತದೆ; ಏರಿಸುವುದೇನಿದ್ದರೂ ಆಮೇಲಿನ ಮಾತು. ಇದಕ್ಕೆ ಒಂದು ಕಾರಣ ಲೆಕ್ಕ ಬರೆಯುವ ಕ್ರಮದಲ್ಲೇ ಇದೆ. ಯಂತ್ರ ಕೊಂಡರೆ ಅದರ ಬೆಲೆ ಸವಕಳಿಯಾಗಿ ಹಲವು ವರ್ಷಗಳಿಗೆ ಹಂಚಿಹೋಗುತ್ತದೆ. ಸಂಶೋಧನೆಯ ಖರ್ಚನ್ನಾದರೋ ಭಾರತೀಯ ಲೆಕ್ಕಪತ್ರ ಮಾನದಂಡ 38ರ ಪ್ರಕಾರ ಆಯಾ ವರ್ಷದ ಲಾಭದಲ್ಲೇ ಕಳೆಯಬೇಕು. ಅಭಿವೃದ್ಧಿ ಹಂತದ ಖರ್ಚು ಕಟ್ಟುನಿಟ್ಟಾದ ಷರತ್ತುಗಳನ್ನು ದಾಟಿದರಷ್ಟೇ ಆಸ್ತಿ ಎನಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ವರ್ಷದ ವೆಚ್ಚ, ಲಾಭಗಳನ್ನು ಪಕ್ಕಪಕ್ಕ ಇಟ್ಟು ಕೊಡುವ ತೀರ್ಪಿಗೆ ಹೆಚ್ಚು ಬೆಲೆಯಿಲ್ಲ.

ತಡವಾಗಿಯಾದರೂ ಫಲ ಬಿತ್ತಿದವನಿಗೇ ಸಿಗುತ್ತದೆಯೇ ಎಂಬುದು ಇದಕ್ಕಿಂತ ಗಟ್ಟಿ ಪ್ರಶ್ನೆ. ಬ್ರಿಟನ್ನಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಸ್ಕ್ಯಾನರ್ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಯ ಮಿದುಳನ್ನು ಚಿತ್ರಿಸಿತು. 1979ರಲ್ಲಿ ಅವರಿಗೆ ಅಲನ್ ಕೊರ್ಮ್ಯಾಕ್ ಜೊತೆ ನೊಬೆಲ್ ಬಂತು. ಅದೇ ವರ್ಷ, ಸ್ಕ್ಯಾನರ್ ವ್ಯವಹಾರದ ನಷ್ಟದಿಂದ ಸೊರಗಿದ್ದ ಇಎಂಐ, ಥಾರ್ನ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. ಎಕ್ಸ್‌ರೇ ಯಂತ್ರಗಳ ಮಾರಾಟದಲ್ಲಿ ಮೊದಲೇ ಪಳಗಿದ್ದ ಜನರಲ್ ಎಲೆಕ್ಟ್ರಿಕ್‌ನಂಥ ಕಂಪನಿಗಳಿಗೆ ಆಸ್ಪತ್ರೆಗಳ ನಂಟು, ದುರಸ್ತಿ ಸಿಬ್ಬಂದಿ ಎಲ್ಲವೂ ಇದ್ದವು. ಹಾಡಿನ ತಟ್ಟೆಗಳಿಗೆ ಹೆಸರಾದ ಇಎಂಐಗೆ ಇರಲಿಲ್ಲ. ಅರ್ಥಶಾಸ್ತ್ರಜ್ಞ ಡೇವಿಡ್ ಟೀಸ್ 1986ರಲ್ಲಿ ಈ ಉದಾಹರಣೆಯಿಂದಲೇ ತಮ್ಮ ವಾದ ಕಟ್ಟಿದರು: ಹೊಸತನದ ಲಾಭ ಸೇರುವುದು ಅದಕ್ಕೆ ಪೂರಕವಾದ ತಯಾರಿಕೆ, ಮಾರಾಟ, ಸೇವೆಗಳು ಯಾರ ಕೈಯಲ್ಲಿವೆಯೋ ಅವರಿಗೆ. ಅನುಕರಣೆ ಎಷ್ಟು ಸುಲಭವೆಂಬುದೂ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ನಕಲು ಮಾಡಿದರೆ ಸಾಲದೇ ಎಂಬ ಆಕ್ಷೇಪ ಸಹಜ. ಭಾರತದ 1970ರ ಪೇಟೆಂಟ್ ಕಾಯಿದೆ ಔಷಧಗಳಿಗೆ ಉತ್ಪನ್ನದ ಪೇಟೆಂಟನ್ನೇ ಕೊಡಲಿಲ್ಲ. ಆದರೂ ಅದೇ ಔಷಧವನ್ನು ಅಗ್ಗದ ಬೇರೆ ವಿಧಾನದಲ್ಲಿ ತಯಾರಿಸಲು ನಮ್ಮ ಕಂಪನಿಗಳಿಗೆ ರಸಾಯನಶಾಸ್ತ್ರದ ಪ್ರಯೋಗಾಲಯ ಬೇಕೇಬೇಕಾಯಿತು. ಪರರ ಜ್ಞಾನವನ್ನು ಅರಗಿಸಿಕೊಳ್ಳಲೂ ಸ್ವಂತ ಸಂಶೋಧನೆ ಬೇಕೆಂದು ವಿದ್ವಾಂಸರಾದ ಕೋಹೆನ್ ಮತ್ತು ಲೆವಿಂತಾಲ್ ಹೇಳಿದ್ದು ಇದನ್ನೇ. ಲಾಭವಿರುವ ಕಂಪನಿಯೇ ಸಂಶೋಧನೆಗೆ ಹಣ ಹಾಕುತ್ತದೆ, ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಬೇಡಿ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹಿಂದಿನ ವರ್ಷಗಳ ವೆಚ್ಚವನ್ನು ಮುಂದಿನ ವರ್ಷಗಳ ಲಾಭದೊಡನೆ ಹೋಲಿಸಿದರೆ ಈ ತೊಡಕು ಸಡಿಲವಾಗುತ್ತದೆ, ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಸಂಶೋಧನೆಗೆ ಸರ್ಕಾರ ಕೊಡುವ ತೆರಿಗೆ ರಿಯಾಯಿತಿಯಾದರೋ ವೆಚ್ಚದ ಭಾರ ಇಳಿಸೀತು, ಮಾರಾಟ ಜಾಲವನ್ನು ಕಟ್ಟಿಕೊಡದು. ಭಾರತದಲ್ಲಿ ಕಂಪನಿಗಳ ಒಳಸಂಶೋಧನೆಗೆ ಒಂದು ಕಾಲಕ್ಕೆ ವೆಚ್ಚದ ಶೇ. 200ರಷ್ಟಿದ್ದ ಆದಾಯ ತೆರಿಗೆ ಕಡಿತ 2017ರ ಏಪ್ರಿಲ್‌ನಿಂದ ಶೇ. 150ಕ್ಕೆ, 2020ರ ಏಪ್ರಿಲ್‌ನಿಂದ ಶೇ. 100ಕ್ಕೆ ಇಳಿದಿದೆ.